ಶಂಕ್ರೆಪ್ಪನವರ ಗಾಡಿಯ ಹಳದಿ ದೀಪ

ಬೈಲಹೊಂಗಲದ ಎಪಿಎಂಸಿ ಎದುರು ಒಂದು ಬೇವಿನ ಮರವಿದೆ. ಅದರ ನೆರಳಿನಲ್ಲಿ ಬಾಡಿಗೆ ಕಾರುಗಳು ನಿಲ್ಲುತ್ತವೆ. ಸಾಲಿನ ತುದಿಗೆ, ಮೂತಿಯನ್ನು ರಸ್ತೆಯ ಕಡೆ ಮಾಡಿ ನಿಂತ ಬಿಳಿ ಬಣ್ಣದ ಏಳು ಸೀಟಿನ ಡೀಸೆಲ್ ಗಾಡಿ ಶಂಕ್ರೆಪ್ಪ ಹೊಸೂರ ಅವರದು. ಮೂತಿ ರಸ್ತೆಯ ಕಡೆಗೇ ಇರಬೇಕು ಎಂಬುದು ಅವರು ತಾವೇ ಮಾಡಿಕೊಂಡ ನಿಯಮ. ಹೆರಿಗೆಗೋ ಹಾವು ಕಡಿದದ್ದಕ್ಕೋ ಕರೆ ಬಂದರೆ ಗಾಡಿಯನ್ನು ಹಿಂದೆ ಮುಂದೆ ಮಾಡುತ್ತ ಹೊತ್ತು ಕಳೆಯಬಾರದು ಎನ್ನುತ್ತಾರೆ.

ಐವತ್ತರ ಹತ್ತಿರ ಬಂದಿರುವ ಶಂಕ್ರೆಪ್ಪ ತೆಳ್ಳಗಿನ ಮನುಷ್ಯ. ಮಾತು ಕಡಿಮೆ. ಗಾಡಿ ನಡೆಸುವಾಗ ಹಾಡು ಹಾಕುವುದಿಲ್ಲ, ಇಂಜಿನ್ನಿನ ಸಪ್ಪಳ ಕಿವಿಗೆ ಬೀಳುತ್ತಿರಬೇಕು. ಮೊದಲು ಲಾರಿಯಲ್ಲಿ ಕ್ಲೀನರ್ ಆಗಿದ್ದರು, ಆಮೇಲೆ ಬೇರೆಯವರ ಟೆಂಪೊ ನಡೆಸಿದರು, ಬಹಳ ವರ್ಷ ಸ್ವಂತದ ಹಳೆಯ ಜೀಪು ಇಟ್ಟುಕೊಂಡಿದ್ದರು. ಅವರನ್ನು ನಂಬಿ ಗಾಡಿ ಹತ್ತಿದವರು ನಡುದಾರಿಯಲ್ಲಿ ಇಳಿದು ನಡೆದ ಉದಾಹರಣೆ ಇಲ್ಲ ಎಂದು ಸ್ಟ್ಯಾಂಡಿನವರು ಒಪ್ಪುತ್ತಾರೆ. "ಶಂಕ್ರಣ್ಣನ ಗಾಡಿ ಕೆಟ್ಟ ದಿನ ಮಲಪ್ರಭಾ ಹಿಂದಕ್ಕ ಹರೀತಾಳ" ಎಂದು ಪಕ್ಕದ ಗಾಡಿಯ ವೀರಪ್ಪ ಚೇಷ್ಟೆ ಮಾಡುತ್ತಾರೆ.

ಒಂದು ಸಲ ಮಾತ್ರ ಗಾಡಿ ಕೈ ಕೊಟ್ಟಿತ್ತು. ಟೆಂಪೊ ಕಾಲದ ಮಾತು. ನೇಸರಗಿ ರಸ್ತೆಯಲ್ಲಿ ಕೆಂಪು ದೀಪ ಹತ್ತಿತು. ಇನ್ನೊಂದಿಷ್ಟು ದೂರ, ಊರು ಬಂದೇ ಬಿಡುತ್ತದೆ ಎಂದು ಓಡಿಸಿದರು. ಇಂಜಿನ್ ಜಾಮ್ ಆಗಿ ಟೆಂಪೊ ಹೊಲದ ಬದುವಿಗೆ ನಿಂತಿತು. ಒಳಗೆ ಮದುಮಗಳಿದ್ದಳು. ಅಕ್ಷತೆಯ ಹೊತ್ತು ಮೀರಿದ ಮೇಲೆ ಆಕೆ ಟ್ರ್ಯಾಕ್ಟರಿನಲ್ಲಿ ಕೂತು ಮಂಟಪ ಮುಟ್ಟಿದಳು. ಅಂದಿನಿಂದ, ಯಾವ ದೀಪವೇ ಹತ್ತಲಿ, ಶಂಕ್ರೆಪ್ಪ ನಿಲ್ಲಿಸಿ ನೋಡುತ್ತಾರೆ. ಕೆಂಪು, ಹಳದಿ ಎಂದು ಭೇದ ಮಾಡಿದವರಲ್ಲ.

ಅವರ ಇನ್ನೊಂದು ಪದ್ಧತಿ ತಂದೆಯಿಂದ ಬಂದದ್ದು. ತಂದೆ ಹತ್ತಿ ಗಿರಣಿಯಲ್ಲಿ ದೊಡ್ಡ ಆಯಿಲ್ ಇಂಜಿನ್ ನೋಡಿಕೊಳ್ಳುತ್ತಿದ್ದರು. ಅಮಾವಾಸ್ಯೆಗೊಮ್ಮೆ ಇಂಜಿನ್ ತೊಳೆದು, ಚಾಲೂ ಮಾಡಿ, ಅದು ಗಾಳಿ ಎಳೆದುಕೊಳ್ಳುವ ಬಾಯಿಗೆ ಲೋಬಾನದ ಹೊಗೆ ಹಿಡಿಯುತ್ತಿದ್ದರು. ಇಂಜಿನ್ ಹೊಗೆಯನ್ನು ಗಟಗಟ ಕುಡಿಯುವುದನ್ನು ಹುಡುಗನಾಗಿದ್ದಾಗ ನೋಡುತ್ತ ನಿಲ್ಲುತ್ತಿದ್ದುದು ಶಂಕ್ರೆಪ್ಪನವರಿಗೆ ನೆನಪಿದೆ. "ಇದಕ್ಕೂ ಉಸಿರ ಐತಿ. ಉಸಿರ ಇದ್ದದ್ದಕ್ಕ ಧೂಪ ಕೊಡಬೇಕ" ಎನ್ನುತ್ತಿದ್ದರಂತೆ ತಂದೆ.

ಜೀಪಿಗೂ ಅವರು ಅದನ್ನೇ ಮಾಡುತ್ತ ಬಂದರು. ಅಮಾವಾಸ್ಯೆಯ ಮುಂಜಾನೆ ಗಾಡಿ ತೊಳೆದು, ಬಾನೆಟ್ ಎತ್ತಿ, ಗಾಳಿ ಸೋಸುವ ಫಿಲ್ಟರನ್ನು ಹೊರಗೆ ತೆಗೆದು ಧೂಳು ಬಡಿಯುವುದು. ಅದನ್ನು ತಿರುಗಿ ಕೂರಿಸುವ ಮುಂಚೆ ಹೆಂಡತಿ ಲಗಮವ್ವ ಲೋಬಾನದ ತಟ್ಟೆ ತರುತ್ತಾರೆ. ಇಂಜಿನ್ ಚಾಲೂ ಇರುತ್ತದೆ. ತೆರೆದ ಬಾಯಿಗೆ ಹೊಗೆ ಹಿಡಿದು, ಒಂದು ಚಿಟಿಕೆ ವಿಭೂತಿ ಊದುತ್ತಾರೆ. ಆಮೇಲೆ ಗಾಲಿಗೆ ನಿಂಬೆಹಣ್ಣು, ಕಾಯಿ, ಮೊದಲ ಬಾಡಿಗೆ. ಜೀಪು ಅಷ್ಟು ವರ್ಷ ಓಡಿತು, ಏನೂ ಆಗಲಿಲ್ಲ. ಜೀಪು ಕೊಟ್ಟು ಈ ಬಿಳಿ ಗಾಡಿಯನ್ನು ಸೆಕೆಂಡ್ ಹ್ಯಾಂಡ್ ತಂದ ಮೇಲೆ ಬಂದ ಮೊದಲ ಅಮಾವಾಸ್ಯೆ ಕಳೆದ ವರ್ಷದ ಎಳ್ಳ ಅಮಾವಾಸ್ಯೆ.

ಅವತ್ತು ಪೂಜೆ ಮುಗಿಸಿ ಕೈ ತೊಳೆಯುವಾಗ ಫೋನ್ ಬಂತು. ಧಾರವಾಡದ ಆಸ್ಪತ್ರೆಯಿಂದ ಪದ್ಮವ್ವ ಮಾಡಿದ್ದರು.

ಪದ್ಮವ್ವ ಶಂಕ್ರೆಪ್ಪನವರ ಓಣಿಯಲ್ಲೇ ಹುಟ್ಟಿ ಬೆಳೆದು ರಾಮದುರ್ಗದ ಆಚೆಯ ಸುರೇಬಾನಕ್ಕೆ ಕೊಟ್ಟ ಹೆಣ್ಣು. ಒಡಹುಟ್ಟಿದವರಲ್ಲದಿದ್ದರೂ ಶಂಕ್ರೆಪ್ಪ ಅವರನ್ನು ಅಕ್ಕ ಎನ್ನುತ್ತಾರೆ, ಅವರ ಗಂಡ ಮುದಕಪ್ಪನವರನ್ನು ಮಾವ ಎನ್ನುತ್ತಿದ್ದರು. ಮುದಕಪ್ಪ ಅವಸರದ ಮನುಷ್ಯ. ತವರಿಗೆ ಹೆಂಡತಿಯನ್ನು ಬಿಡಲು, ಕರೆದೊಯ್ಯಲು ಜೀಪು ಹತ್ತಿದಾಗಲೆಲ್ಲ ಹಿಂದಿನ ಸೀಟಿನಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದರು. ಚಹಾಕ್ಕೆ ನಿಲ್ಲಲಿ, ದನ ಅಡ್ಡ ಬಂದು ನಿಲ್ಲಲಿ, ಹಿಂದಿನಿಂದ ಒಂದೇ ಮಾತು: "ಯಾಕ ನಿಂತಿ?" ಶಂಕ್ರೆಪ್ಪ ಬೇಕೆಂದೇ ನಿಲ್ಲಿಸಿ ಆ ಮಾತು ಹೊರಡಿಸಿ ನಗುತ್ತಿದ್ದುದೂ ಉಂಟು.

ಆಸ್ಪತ್ರೆಯವರು ಕೈ ಚೆಲ್ಲಿದ್ದರು. ಇನ್ನು ಇಲ್ಲಿ ಮಾಡುವುದೇನಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ಮಗ ಶ್ರೀಶೈಲ ಹಿಂದಿನ ದಿನವೇ ಊರಿಗೆ ಹೋಗಿ ಮನೆಯಲ್ಲಿ ಹಾಸಿಗೆ ಸಿದ್ಧ ಮಾಡಿದ್ದ. ಪದ್ಮವ್ವನಿಗೆ ಬೇಕಾಗಿದ್ದುದು ಒಂದೇ. ಮುದಕಪ್ಪ ಉಸಿರಿರುವಾಗ ತಮ್ಮ ಮನೆಯ ಹೊಸ್ತಿಲು ದಾಟಬೇಕು. ಅವರ ಓಣಿಯಲ್ಲಿ ಒಂದು ರೂಢಿ ಇದೆ. ಹೊರಗೆ ಸತ್ತವರನ್ನು ಒಳಗೆ ತರುವುದಿಲ್ಲ. ಮನೆ ಎಂಥದೇ ಇರಲಿ, ಯಜಮಾನನೇ ಇರಲಿ, ಹೊರಗಿನ ಕಟ್ಟೆಯ ಮೇಲೆ ಕೂರಿಸಿ, ಅಲ್ಲಿಂದಲೇ ಮಣ್ಣಿಗೆ ಒಯ್ಯುತ್ತಾರೆ. ಮುದಕಪ್ಪ ಕಲ್ಲು ಹೊತ್ತು ಕಟ್ಟಿಸಿದ ಮನೆ ಅದು.

"ಅಂಬ್ಯುಲೆನ್ಸ್ ಬ್ಯಾಡೋ ಶಂಕ್ರೂ" ಎಂದಿದ್ದರು ಪದ್ಮವ್ವ. "ಅದರ ಸಪ್ಪಳಾ ಕೇಳಿದ್ರ ಹೆಣಾನ ಬಂತಂತ ಕಟ್ಟಿ ಮ್ಯಾಲ ಕಂಬಳಿ ಹಾಸತಾರ. ನೀ ಬಾ. ಜೀವ ಇರೂದ್ರಾಗ ಹೊಸ್ತಲಾ ದಾಟಸಿಬಿಡು, ಸಾಕು."

"ದಾಟಸತೇನಕ್ಕಾ" ಎಂದಿದ್ದರು ಶಂಕ್ರೆಪ್ಪ. ಆ ಮಾತು ಕೊಡಬಾರದಿತ್ತು ಎಂದು ಈಗ ಅನ್ನಿಸುತ್ತದೆ.

ಧಾರವಾಡಕ್ಕೆ ಹೋಗಿ, ನಡುವಿನ ಸೀಟಿನಲ್ಲಿ ಎಡಗಿಟಕಿಗೆ ಮುದಕಪ್ಪನವರನ್ನು ಕೂರಿಸಿದರು. ಮಲಗಿಸಿದರೆ ಉಸಿರು ಕಟ್ಟುತ್ತಿತ್ತು. ಎರಡೂ ಕಡೆ ದಿಂಬು, ಮೊಣಕಾಲ ಮೇಲೆ ಕಂಬಳಿ. ಪಕ್ಕದಲ್ಲಿ ಪದ್ಮವ್ವ, ಅವರ ಹೆಗಲಿಗೆ ತಮ್ಮ ಹೆಗಲು ಕೊಟ್ಟು. ಗಾಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ದಾರಿಯುದ್ದಕ್ಕೂ ಪದ್ಮವ್ವ ಗಂಡನೊಂದಿಗೆ ಮಾತಾಡುತ್ತಲೇ ಇದ್ದರು. ಈ ಹೊಲದಲ್ಲಿ ಕಡಲೆ ಚೆನ್ನಾಗಿ ಬಂದಿದೆ, ಆ ಜೋಳ ನೋಡಿ ಎಷ್ಟೆತ್ತರ ಹೋಗಿದೆ. ಎಳ್ಳ ಅಮಾವಾಸ್ಯೆಯಾದ್ದರಿಂದ ಎರಡೂ ಕಡೆಯ ಹೊಲಗಳಲ್ಲಿ ಮಂದಿ ಬುತ್ತಿ ಬಿಚ್ಚಿ ಕೂತಿದ್ದರು. ಬುತ್ತಿಯ ಎಡೆಯನ್ನು ಪೈರಿಗೆ ಎರಚಿ ಚರಗ ಚೆಲ್ಲುವ ಕೂಗು ಅಲ್ಲಲ್ಲಿ ಕೇಳುತ್ತಿತ್ತು. ಸವದತ್ತಿ ಹತ್ತಿರ ಬಂದಾಗ ಪದ್ಮವ್ವ, "ಗುಡ್ಡ ಕಾಣಾಕತ್ತೈತಿ ನೋಡ್ರಿ, ಎಲ್ಲವ್ವಗ ಕೈ ಮುಗೀರಿ" ಎಂದು ಗಂಡನ ಎರಡೂ ಕೈಗಳನ್ನು ತಾವೇ ಎತ್ತಿ ಜೋಡಿಸಿದರು. ಕನ್ನಡಿಯಲ್ಲಿ ಶಂಕ್ರೆಪ್ಪ ಅದನ್ನು ಕಂಡರು.

ಸವದತ್ತಿ ದಾಟಿ ರಾಮದುರ್ಗದ ದಾರಿ ಹಿಡಿದು ಸ್ವಲ್ಪ ಹೊತ್ತಾಗಿತ್ತು. ಸ್ಟಿಯರಿಂಗಿನ ಹಿಂದೆ ಹಳದಿ ದೀಪ ಹತ್ತಿತು. ಇಂಜಿನ್ನಿನ ಆಕಾರದ ಸಣ್ಣ ಚಿತ್ರ. ಆ ಗಾಡಿಯಲ್ಲಿ ಅದನ್ನು ಅವರು ನೋಡಿದ್ದು ಅದೇ ಮೊದಲು. ಗಾಡಿ ಏರಿನಲ್ಲಿ ಕೊಂಚ ದಮ್ಮು ಕಟ್ಟಿದಂತೆ ಮಾಡಿತು. ನೇಸರಗಿಯ ರಸ್ತೆ, ಟ್ರ್ಯಾಕ್ಟರಿನಲ್ಲಿ ಕೂತ ಮದುಮಗಳು ಕಣ್ಣ ಮುಂದೆ ಬಂದರು. ಇಲ್ಲಿ ಇಂಜಿನ್ ಜಾಮ್ ಆದರೆ ಮಾವನನ್ನು ಯಾವ ಟ್ರ್ಯಾಕ್ಟರಿನಲ್ಲಿ ಹಾಕುವುದು? ಒಂದು ಹಳ್ಳದ ಸಣ್ಣ ಸೇತುವೆಯ ಮೇಲೆ, ಗಾಡಿಯನ್ನು ಎಡಕ್ಕೆ ತೆಗೆದು ನಿಲ್ಲಿಸಿದರು. ಇಳಿದು ಬಾನೆಟ್ ಎತ್ತಿದರು. ಆಯಿಲ್ ನೋಡಿದರು, ನೀರು ನೋಡಿದರು, ಬೆಲ್ಟು ಮುಟ್ಟಿ ನೋಡಿದರು. ಎಲ್ಲ ಸರಿಯಿತ್ತು. ಮತ್ತೊಮ್ಮೆ ನೋಡಿದರು.

ತಲೆ ಬಾನೆಟ್ಟಿನ ಕೆಳಗಿದ್ದಾಗ ಗಾಡಿಯ ಒಳಗಿನಿಂದ ದನಿ ಕೇಳಿತು.

"ಯಾಕ ನಿಂತಿ?"

ಗಂಡಸಿನ ದನಿ. ಸಣ್ಣಗಿತ್ತು. ಸಿಟ್ಟಿರಲಿಲ್ಲ. "ಬಂದೆ ಮಾವ, ಲೈಟ್ ಹತ್ತೈತಿ" ಎಂದು ಶಂಕ್ರೆಪ್ಪ ತಲೆ ಎತ್ತದೆಯೇ ಉತ್ತರ ಕೊಟ್ಟರು. ಬಾನೆಟ್ ಹಾಕಿ ಬಂದು ಕೂತು ಚಾಲೂ ಮಾಡಿದಾಗ ದೀಪ ಹಾಗೆಯೇ ಉರಿಯುತ್ತಿತ್ತು. ಆದರೆ ಗಾಡಿ ಹೊರಟಿತು. ಕನ್ನಡಿಯಲ್ಲಿ ನೋಡಿದರು. ಮುದಕಪ್ಪನವರ ಗದ್ದ ಎದೆಯ ಮೇಲೆ ಬಿದ್ದಿತ್ತು. ಬಾಯಿ ಅರ್ಧ ತೆರೆದಿತ್ತು. ಅದೇ ಕನ್ನಡಿಯಲ್ಲಿ ಪದ್ಮವ್ವ ಶಂಕ್ರೆಪ್ಪನವರನ್ನೇ ನೋಡುತ್ತಿದ್ದರು.

"ನಡಿ ತಮ್ಮಾ" ಎಂದರು. ಆಮೇಲೆ ಗಂಡನ ಗದ್ದವನ್ನು ಎತ್ತಿ ಹಿಡಿದು ಮೊದಲಿನಂತೆಯೇ ಮಾತು ಮುಂದುವರಿಸಿದರು. ಇನ್ನೇನು ರಾಮದುರ್ಗ ಬರುತ್ತದೆ, ಹೊಳೆ ದಾಟಿದರೆ ನಮ್ಮೂರೇ.

ಮಾವ ಹೋಗಿದ್ದಾರೆ ಎಂದು ಶಂಕ್ರೆಪ್ಪನವರಿಗೆ ಅರ್ಥವಾಯಿತು, ಬಾಯಿ ಬಿಟ್ಟು ಕೇಳಲಿಲ್ಲ.

ಮನೆಯ ಮುಂದೆ ನಿಂತಾಗ ಹಿರಿಯರು ಬಂದು ಸುತ್ತುವರಿದರು. "ಉಸಿರ ಐತಿ, ಒಳಗ ತುಗೊಂಡ ನಡೀರಿ, ತಡಾ ಮಾಡಬ್ಯಾಡ್ರಿ" ಎಂದರು ಪದ್ಮವ್ವ. ಯಾರೂ ಮೂಗಿನ ಬಳಿ ಕೈ ಇಡಲಿಲ್ಲ. ಶ್ರೀಶೈಲ ಹೆಗಲು ಹಿಡಿದ, ಶಂಕ್ರೆಪ್ಪ ಕಾಲು ಹಿಡಿದರು. ಹೊಸ್ತಿಲು ದಾಟಿಸಿದರು. ಹಿಡಿದ ಕಾಲು ತಣ್ಣಗಿತ್ತು. ಇಷ್ಟು ಬೇಗ ಇಷ್ಟು ತಣ್ಣಗಾಗುತ್ತದೆಯೇ ಎಂದು ಅನ್ನಿಸಿದ್ದು ನಿಜ, ಚಳಿಗಾಲವಲ್ಲವೇ ಎಂದು ಸುಮ್ಮನಾದರು. ನಡುಮನೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ ಮೇಲೆ ಪದ್ಮವ್ವ ಗಂಡನ ಬಾಯಿಗೆ ಕಿವಿ ಇಟ್ಟರು. ಆಮೇಲೆ ಅತ್ತರು. ಮುದಕಪ್ಪ ತಮ್ಮ ಮನೆಯಲ್ಲೇ ಜೀವ ಬಿಟ್ಟರೆಂದು ಊರು ನಂಬಿತು. ಸುಳ್ಳು ಎಂದು ಗೊತ್ತಿದ್ದವರು ಇಬ್ಬರೇ. ಆ ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಶಂಕ್ರೆಪ್ಪನವರ ಲೆಕ್ಕ ಸರಳವಾಗಿತ್ತು. ಸೇತುವೆಯ ಮೇಲೆ ಮಾವ ಮಾತಾಡಿದರು. ಅಂದರೆ ಜೀವ ಇತ್ತು. ಬಾನೆಟ್ ಹಾಕಿ ಬರುವಷ್ಟರಲ್ಲಿ ಹೋಯಿತು. ನಿಲ್ಲದೆ ಓಡಿಸಿದ್ದರೆ? ಗಾಡಿಯ ಅಲುಗಾಟದಲ್ಲಿ, ಹೆಂಡತಿಯ ಮಾತಿನಲ್ಲಿ, ಮನೆಯ ಆಸೆಯಲ್ಲಿ ಆ ಜೀವ ಇನ್ನೊಂದಿಷ್ಟು ದೂರ ಬರುತ್ತಿತ್ತೇನೋ. ಗಾಡಿ ನಿಂತಿತು, ಜೀವವೂ ನಿಂತಿತು. ಹೋಗಿ ಪದ್ಮವ್ವನ ಕಾಲು ಹಿಡಿಯೋಣ ಎಂದರೆ, ಆ ಮಾತೆತ್ತಿದರೆ ಆಕೆಯ ಸುಳ್ಳನ್ನೂ ಎತ್ತಿದಂತೆ. ದಿನಕರ್ಮಕ್ಕೆ ಹೋಗಲಿಲ್ಲ. ಆಮೇಲೆ ಸುರೇಬಾನದ ಕಡೆಯ ಬಾಡಿಗೆ ಬಂದರೆ ವೀರಪ್ಪನವರಿಗೆ ದಾಟಿಸತೊಡಗಿದರು.

ದೀಪ ಒಂದು ವಾರ ಉರಿದು ತಾನಾಗಿ ಆರಿತು. ಮುಂದಿನ ಅಮಾವಾಸ್ಯೆಯ ದಿನ ಮಧ್ಯಾಹ್ನ ಮತ್ತೆ ಹತ್ತಿತು.

ಅದರ ಮುಂದಿನ ಅಮಾವಾಸ್ಯೆಗೂ ಹತ್ತಿತು. ಬೈಲಹೊಂಗಲದ ಮೆಕ್ಯಾನಿಕ್ ಒಬ್ಬರು ಯಾವುದೋ ವೈರ್ ಬದಲಿಸಿದರು. ಬೆಳಗಾವಿಯಲ್ಲಿ ಇನ್ನೊಬ್ಬರು ಕಂಪ್ಯೂಟರ್ ಹಚ್ಚಿ ಅಳಿಸಿ ಕೊಟ್ಟರು. ದೀಪ ಆರಿತು. ಅಮಾವಾಸ್ಯೆ ಬಂತು, ಹತ್ತಿತು. ಹುಣ್ಣಿಮೆಗೆ ಸವದತ್ತಿಗೆ ಭಕ್ತರನ್ನು ತುಂಬಿಕೊಂಡು ಹೋದಾಗ ಇಲ್ಲ, ಮದುವೆಗೆ ಹೋದಾಗ ಇಲ್ಲ. ಅಮಾವಾಸ್ಯೆಗೆ ಮಾತ್ರ.

ಅದು ಮುದಕಪ್ಪನವರೇ ಎಂಬುದರಲ್ಲಿ ಲಗಮವ್ವನಿಗೆ ಅನುಮಾನವೇ ಇರಲಿಲ್ಲ. ಒಂದು ದಿನ ಕತ್ತು ಚಾಚಿ ಆ ಹಳದಿ ಚಿತ್ರವನ್ನು ನೋಡಿ, "ಇದು ಇಂಜಿನ್ ಅಲ್ಲ, ಮೊಣಕಾಲ ಮಡಚಿ ಕುಂತ ಮನಶ್ಯಾ ಐತಿ ನೋಡ್ರಿ" ಎಂದರು. ಅವರ ಪೈಕಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವುದು. ಆ ಮಾತು ಕೇಳಿದ ಮೇಲೆ ಶಂಕ್ರೆಪ್ಪನವರಿಗೂ ಆ ಚಿತ್ರ ಬೇರೆಯಾಗಿ ಕಾಣಲಿಲ್ಲ.

"ನಿನಗ ಹಂಗ್ಯಾಕ ಅನಸ್ತೈತಿ?" ಎಂದು ಗಂಡ ಕೇಳಿದರು.

"ನಿಮ್ಮ ಗಾಡ್ಯಾಗ ಕುಂತು ಕಡೀ ಸಲ ಮನಿ ಮುಟ್ಟಿದ ಜೀವ. ಏನೋ ಕೇಳಾಕತ್ತೈತಿ. ನೀವು ಹೇಳವಲ್ರಿ" ಎಂದರು ಲಗಮವ್ವ. ಸೇತುವೆಯ ಸಂಗತಿಯನ್ನು ಶಂಕ್ರೆಪ್ಪ ಹೆಂಡತಿಗೂ ಹೇಳಿರಲಿಲ್ಲ.

ಪರಿಹಾರ ಎಂದು ಲಗಮವ್ವ ಪೂಜೆಯನ್ನು ಹೆಚ್ಚಿಸಿದರು. ಲೋಬಾನದ ಹರಳು ಒಂದು ಹಿಡಿ ಇದ್ದದ್ದು ಎರಡು ಹಿಡಿಯಾಯಿತು. ಇಂಜಿನ್ ಕೆಮ್ಮುವವರೆಗೆ ಹೊಗೆ ಹಿಡಿದರು. ಆ ಸಲ ದೀಪ ಗಾಡಿ ಓಣಿ ದಾಟುವ ಮುಂಚೆಯೇ ಹತ್ತಿತು, ಎರಡು ವಾರ ಆರಲಿಲ್ಲ. ಸ್ಟ್ಯಾಂಡಿನಲ್ಲಿ ವೀರಪ್ಪ ಅಮಾವಾಸ್ಯೆಗೊಮ್ಮೆ ಕಿಟಕಿಯಲ್ಲಿ ಇಣುಕಿ, "ಶಂಕ್ರಣ್ಣಾ, ಬಂದಾರೇನ ನಿಮ್ಮ ಬೀಗರು?" ಎಂದು ಕೇಳುತ್ತಿದ್ದರು. ಒಂದು ದಿನ ಶಂಕ್ರೆಪ್ಪ ತಿರುಗಿ ನೋಡಿದ ರೀತಿಗೆ ಆಮೇಲೆ ಕೇಳುವುದನ್ನು ಬಿಟ್ಟರು.

ಆಗ ಶಂಕ್ರೆಪ್ಪ ಅಮಾವಾಸ್ಯೆಯ ದಿನ ಕನ್ನಡಿಯನ್ನು ಮೇಲಕ್ಕೆ ತಿರುಗಿಸಿ ಗಾಡಿ ನಡೆಸುತ್ತಿದ್ದರು. ನಡುವಿನ ಸೀಟಿನ ಎಡಗಿಟಕಿಗೆ ಯಾರಾದರೂ ಕೂರಲು ಹೋದರೆ, "ಆ ಬಾಗಲಾ ಸರಿ ಹತ್ತೂದಿಲ್ರಿ, ಈ ಕಡೆ ಬರ್ರಿ" ಎನ್ನುತ್ತಿದ್ದರು. ಬಾಗಿಲು ಸರಿಯಾಗಿಯೇ ಇತ್ತು.

ದೀಪಾವಳಿ ಕಳೆದ ಮೇಲೆ ಕಿತ್ತೂರಿಗೆ ಬಾಡಿಗೆ ಹೋಗಿದ್ದಾಗ ಹೆದ್ದಾರಿಯ ಪಕ್ಕದ ಸುಮೇಧ ಎಂಬ ಹುಡುಗನ ಗ್ಯಾರೇಜಿಗೆ ಗಾಡಿ ಒಯ್ದರು. ಸುಮೇಧನ ತಂದೆ ದಿಗಂಬರ ಭಟ್ಟರು ಊರಿನವರಿಗೆ ಗೃಹಪ್ರವೇಶ, ಸತ್ಯನಾರಾಯಣ ಮಾಡಿಸುವವರು. ಮಗ ಡಿಪ್ಲೊಮಾ ಓದಿ ಗ್ಯಾರೇಜು ಹಾಕಿದ್ದಾನೆ. ಕಂಪ್ಯೂಟರ್ ಹಚ್ಚಿ ನೋಡಿದ ಸುಮೇಧ, ಫಿಲ್ಟರಿನ ಆಚೆಯ ಕೊಳವೆ ಬಿಚ್ಚಿ ಹೆಬ್ಬೆರಳಿನಷ್ಟು ಗಾತ್ರದ ಒಂದು ಭಾಗವನ್ನು ಹೊರಗೆ ತೆಗೆದ. ಇಂಜಿನ್ ಎಷ್ಟು ಗಾಳಿ ಎಳೆಯುತ್ತಿದೆ ಎಂದು ಅಳೆಯುವ ಭಾಗ ಅದು. ಅದರ ತುದಿಯಲ್ಲಿ ಕೂದಲಿನಷ್ಟು ಸಣ್ಣ ತಂತಿ. ತಂತಿಯ ಮೇಲೆ ಕಂದು ಬಣ್ಣದ ಜಿಗುಟು, ಅದಕ್ಕೆ ಅಂಟಿದ ಬಿಳಿ ಬೂದಿ. ಮೂಗಿನ ಬಳಿ ಹಿಡಿದು ಮೂಸಿದ.

"ಕಾಕಾ, ಗಾಡಿಗೆ ಲೋಬಾನ ಹಾಕತೀರೇನು?"

"ಅಮಾಸಿಗೆ ಹಾಕತೇವಿ. ಪ್ರತಿ ಅಮಾಸಿಗೆ."

"ಎಲ್ಲೆ?"

ಶಂಕ್ರೆಪ್ಪ ತೋರಿಸಿದರು. ಫಿಲ್ಟರ್ ತೆಗೆದು, ಚಾಲೂ ಮಾಡಿ, ಬಾಯಿಗೆ. ಸುಮೇಧ ನಗು ತಡೆಯಲಾರದೆ ಸ್ಟೂಲಿನ ಮೇಲೆ ಕೂತ.

"ಅದರ ಮೂಗಿನಾಗ ಹಿಡದೀರಿ. ಹಳೇ ಜೀಪಿಗೆ ನಡೀತದರಿ, ಅದಕ್ಕ ಇದು ಇರೂದಿಲ್ಲ. ಇದಕ್ಕ ನೀವು ಅಮಾಸಿಗೊಮ್ಮೆ ಮೆತ್ತೋದು, ಅದು ದೀಪಾ ಹಚ್ಚೋದು, ಓಡಿ ಓಡಿ ಒಂದಿಷ್ಟು ಸುಟ್ಟು ಹೋದ ಮ್ಯಾಲೆ ಆರೋದು. ಮತ್ತ ಮುಂದಿನ ಅಮಾಸಿ."

"ನಿಮ್ಮಪ್ಪಾರು ಊರಿಗೆಲ್ಲಾ ಪೂಜಾ ಮಾಡಸತಾರ. ನೀ ಬಿಡಸಾಕ ಹೊಂಟಿಯಲ್ಲ."

"ನಮ್ಮಪ್ಪನೂ ಬಾನೆಟ್ ಮುಚ್ಚೇ ಮಾಡಸತಾರರಿ" ಎಂದ ಸುಮೇಧ.

ಅಲ್ಲಿಗೆ ಮುಗಿಯಬೇಕಿತ್ತು. ಹತ್ತು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಭೂತ ಒಂದು ಚಿಟಿಕೆ ಜಿಗುಟು ಎಂದು ಗೊತ್ತಾದಾಗ ಯಾರಿಗಾದರೂ ಹಗುರಾಗಬೇಕು. ಒಂದು ಗಳಿಗೆ ಶಂಕ್ರೆಪ್ಪನವರಿಗೂ ಹಾಗಾಯಿತು. ಸುಮೇಧ ಆ ಭಾಗವನ್ನು ಔಷಧಿ ಹೊಡೆದು ತೊಳೆಯುತ್ತಿದ್ದಾಗ ಕೇಳಿದರು:

"ಎಲ್ಲಾಕ್ಕಿಂತ ಮೊದಲ ಹತ್ತಿದ್ದೂ ಇದಕ್ಕ ಏನು?"

"ಅವತ್ತೂ ಧೂಪಾ ಹಾಕಿದ್ರೇನು?"

"ಮುಂಜಾನೆ ಹಾಕಿದ್ವಿ."

"ಹಂಗಾರ ಇದಕ್ಕ."

"ನಿಲ್ಲಸೂದು ಬೇಕಿತ್ತೇನು?"

"ಹಳದಿ ದೀಪಕ್ಕ ಯಾರು ನಿಲ್ಲಸತಾರ ಕಾಕಾ? ಕೆಂಪ ಇದ್ದರ ನಿಲ್ಲಸಬೇಕು. ಇದಕ್ಕ ಜಗ್ಗೋದು ಒಂಚೂರು ಕಡಿಮಿ ಆಗ್ತದ, ಅಷ್ಟ. ಅವತ್ತು ಎಲ್ಲಿಗೆ ಹೊಂಟಿದ್ರಿ?"

"ಸುರೇಬಾನಕ್ಕ."

"ಸುರೇಬಾನಕ್ಕ ಹೋಗಿ, ಊಟಾ ಮಾಡಿ, ವಾಪಸ್ ಮನೀಗೆ ಬಂದು ನೋಡಿದ್ದರೂ ನಡೀತಿತ್ತು."

ಶಂಕ್ರೆಪ್ಪ ಹಳೆಯ ಟೈರುಗಳ ರಾಶಿಯ ಮೇಲೆ ಕೂತರು. ಸುಮೇಧ ನೀರು ತಂದು ಕೊಟ್ಟ. ಬಿಸಿಲಿಗೆ ತಲೆ ತಿರುಗಿರಬೇಕು ಎಂದುಕೊಂಡ. ದೀಪ ಭೂತದ್ದಾಗಿದ್ದರೆ, ವಿಧಿ ನಿಲ್ಲಿಸಿತು ಎನ್ನಬಹುದಿತ್ತು. ಇಂಜಿನ್ ನಿಜವಾಗಿ ಕೆಟ್ಟಿದ್ದರೆ, ಬೇರೆ ದಾರಿ ಇರಲಿಲ್ಲ ಎನ್ನಬಹುದಿತ್ತು. ಈಗ ಎರಡೂ ಇಲ್ಲ. ಆ ಮುಂಜಾನೆ ತಮ್ಮ ಕೈಯಾರೆ ಹಚ್ಚಿದ ದೀಪಕ್ಕೆ ತಾವೇ ಹೆದರಿ ನಿಂತಿದ್ದರು.

ಕಿತ್ತೂರಿನಿಂದ ಬೈಲಹೊಂಗಲದವರೆಗೆ ದೀಪ ಹತ್ತಲಿಲ್ಲ. ಅದು ಇದ್ದ ಜಾಗ ಕಪ್ಪಗಿತ್ತು. ಕಣ್ಣು ಅಲ್ಲಿಗೇ ಹೋಗುತ್ತಿತ್ತು. ದೀಪ ಉರಿಯುವಾಗಿನದಕ್ಕಿಂತ ಈಗ ಹೆಚ್ಚು ಹೆದರಿಕೆಯಾಯಿತು ಎನ್ನುತ್ತಾರೆ. ಒಂದು ವಾರ ಕಳೆದ ಮೇಲೆ ಲಗಮವ್ವನಿಗೆ ಎಲ್ಲವನ್ನೂ ಹೇಳಿದರು. ಲಗಮವ್ವ, "ನನಗಲ್ಲ, ಅಕ್ಕಗ ಹೇಳಿ ಬರ್ರಿ" ಎಂದರು.

ಸುರೇಬಾನದ ಮನೆಯಲ್ಲಿ ಪದ್ಮವ್ವ ಒಬ್ಬರೇ ಇದ್ದರು. ಮಗ ಸೊಸೆ ಹೊಲಕ್ಕೆ ಹೋಗಿದ್ದರು. ನಡುಮನೆಯಲ್ಲಿ ಮೊರ ಹಿಡಿದು ತೊಗರಿಬೇಳೆ ಆರಿಸುತ್ತಿದ್ದರು.

"ಬಂದ್ಯೇನಪಾ. ಅಕ್ಕ ಸತ್ತಾಳೋ ಬದುಕ್ಯಾಳೋ ಅಂತ ಒಂದ ಫೋನ್ ಇಲ್ಲ. ದಿನಕ್ಕೂ ಬರಲಿಲ್ಲ. ಗಾಡಿ ದೊಡ್ಡದಾದ ಮ್ಯಾಲ ಸಣ್ಣ ಊರಿನ ದಾರಿ ಮರತಿ" ಎಂದರು. "ಕುಂಡ್ರು. ಅಲ್ಲಿ ಬ್ಯಾಡ, ಈ ಕಡೆ ಕುಂಡ್ರು."

ಶಂಕ್ರೆಪ್ಪ ಕೂರಲು ಹೋದದ್ದು ಮುದಕಪ್ಪನವರನ್ನು ಒರಗಿಸಿದ್ದ ಗೋಡೆಯ ಬಳಿ.

ಚಹಾ ಕುಡಿಯದೆ ಹೇಳಿದರು. ಲೋಬಾನ, ದೀಪ, ಸೇತುವೆ, ಸುಮೇಧ ಹೇಳಿದ ಮಾತು. ನಿಲ್ಲಿಸಬೇಕಾಗಿರಲಿಲ್ಲ ಎಂದರು. ನಿಲ್ಲಿಸದಿದ್ದರೆ ಮಾವ ಜೀವ ಇರುವಾಗಲೇ ಹೊಸ್ತಿಲು ದಾಟುತ್ತಿದ್ದರು ಎಂದರು. ಪದ್ಮವ್ವನ ಕೈ ಬೇಳೆಯ ಮೇಲೆ ಆಡುತ್ತಲೇ ಇತ್ತು. ಮಾತು ಮುಗಿದ ಮೇಲೆ ಮೊರವನ್ನು ಪಕ್ಕಕ್ಕಿಟ್ಟರು.

"ಹುಚ್ಚಪ್ಪಾ. ಒಂದ ವರ್ಷ ಇದನ್ನ ಹೊತಗೊಂಡ ತಿರಗೀಯೇನು?"

ಶಂಕ್ರೆಪ್ಪ ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿದರು.

"ನೀ ನಿಲ್ಲಸೂಕಿಂತ ಎಷ್ಟೋ ಮೊದಲ ಹೋಗಿದ್ರು ಅವರು. ಗುಡ್ಡ ಕಾಣೂ ಮುಂಚೇನ ಹೋದ್ರು. ಒಮ್ಮೆ ಹಿಂಗ ಜಗ್ಗಿ ಉಸಿರ ಬಿಟ್ರು, ಮತ್ತ ತುಗೊಳ್ಳಲಿಲ್ಲ. ನನ್ನ ಹೆಗಲಿಗೆ ಭಾರ ಬಿತ್ತು, ಗೊತ್ತಾತು."

"ಕೈ ಮುಗಿಸಿದ್ಯಲ್ಲ ಅಕ್ಕಾ, ಎಲ್ಲವ್ವಗ?"

"ಮುಗಿಸಿದೆ. ಮಾತ ನಿಲ್ಲಸಿದ್ರ ನಿನಗ ತಿಳೀತಿತ್ತು. ನಿನಗ ತಿಳದ್ರ ನಿನ್ನ ಮಾರಿ ಮ್ಯಾಲ ಕಾಣತಿತ್ತು. ನೀ ಸುಳ್ಳ ಹೇಳಾಕ ಬರೂ ಮನಶ್ಯಾ ಅಲ್ಲ. ಊರ ಹಿರೇರು ನಿನ್ನ ಮಾರಿ ನೋಡಿ ಕಟ್ಟಿ ಮ್ಯಾಲ ಇಳಸತಿದ್ರು. ಅದಕ್ಕ ಮಾತಾಡಕೋಂತ ಬಂದೆ. ಹೆಣದ ಕೂಡ." ಸೆರಗಿನಿಂದ ಮುಖ ಒರೆಸಿಕೊಂಡರು. "ನೀ ನಿಂತದ್ದಕ್ಕ ಏನೂ ಆಗಿಲ್ಲ ತಮ್ಮಾ. ನಿನ್ನ ಮ್ಯಾಲ ಏನೂ ಇಲ್ಲ."

ಕೈಯಲ್ಲಿ ಹಿಡಿದಿದ್ದ ಕಾಲಿನ ತಂಪು ಶಂಕ್ರೆಪ್ಪನವರಿಗೆ ನೆನಪಾಯಿತು. ಅಷ್ಟು ಬೇಗ ಅಷ್ಟು ತಣ್ಣಗಾಗಿರಲಿಲ್ಲ. ಹೊತ್ತಾಗಿಯೇ ತಣ್ಣಗಾಗಿತ್ತು. ಆಕೆ ಹೇಳುವುದು ನಿಜ.

ಎದ್ದು ಬರಬಹುದಿತ್ತು. ಬರಲಿಲ್ಲ.

"ಹಂಗಾರ ಅಕ್ಕಾ, ಸೇತುವಿ ಮ್ಯಾಲ ಕೇಳಿದ್ದ ಯಾರು?"

"ಏನ ಕೇಳಿದ್ದು?"

"ನಾ ಬಾನೆಟ್ ಒಳಗ ತಲಿ ಹಾಕಿದ್ದೆ. ಮಾವ ಮಾತಾಡಿದ್ರು."

ಪದ್ಮವ್ವ, ಹೊಲದ ಮಂದಿಯ ಕೂಗು ಇರಬೇಕು ಎನ್ನಲಿಲ್ಲ. ನಿನಗೆ ಭ್ರಮೆ ಎನ್ನಲಿಲ್ಲ. ಸ್ವಲ್ಪ ಮುಂದಕ್ಕೆ ಬಾಗಿ, ಇಷ್ಟು ಹೊತ್ತಿನ ಗಟ್ಟಿತನವೆಲ್ಲ ಹೋದ ದನಿಯಲ್ಲಿ ಕೇಳಿದರು:

"ಏನಂದ್ರು?"

"ಯಾಕ ನಿಂತಿ, ಅಂದ್ರು."

"ಅವರ ದನೀನ?"

"ಅವರದ."

"ನಾ ಪಕ್ಕದಾಗ ಕುಂತಿದ್ದೆ" ಎಂದರು ಪದ್ಮವ್ವ. "ಮೈಗೆ ಮೈ ಹಚ್ಚಿ ಕುಂತಿದ್ದೆ. ದಾರಿ ತುಂಬ ನಾನ ಮಾತಾಡೀನಿ. ನನಗ ಯಾಕ ಕೇಳಲಿಲ್ಲ?"

ಶಂಕ್ರೆಪ್ಪ ಹೊರಡುವಾಗ ಪದ್ಮವ್ವ ಕಟ್ಟೆಯವರೆಗೆ ಬಂದರು. ಎಳ್ಳ ಅಮಾವಾಸ್ಯೆಗೆ ಗಾಡಿ ತಗೊಂಡು ಬಾ ಎಂದರು.

ಈ ವರ್ಷದ ಎಳ್ಳ ಅಮಾವಾಸ್ಯೆಯ ಮುಂಜಾನೆ ಲಗಮವ್ವ ಬಾನೆಟ್ ಮುಚ್ಚಿಯೇ ಪೂಜೆ ಮಾಡಿದರು. ಲೋಬಾನದ ತಟ್ಟೆಯನ್ನು ಗಾಡಿಯ ಸುತ್ತ ತಂದು ತುಳಸಿಕಟ್ಟೆಯ ಬಳಿ ಇಟ್ಟರು. ಶಂಕ್ರೆಪ್ಪ ಸುರೇಬಾನಕ್ಕೆ ಹೋದರು. ಪದ್ಮವ್ವ ಬುತ್ತಿ ಕಟ್ಟಿಕೊಂಡು ಸಿದ್ಧರಾಗಿದ್ದರು. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಮಗನಿಗೆ ಎಲ್ಲವ್ವನ ಗುಡ್ಡಕ್ಕೆ ಹೋಗಿ ಬರುತ್ತೇನೆ ಎಂದಿದ್ದರು. ನಡುವಿನ ಸೀಟಿನಲ್ಲಿ, ಎಡಗಿಟಕಿಯ ಪಕ್ಕದ ಜಾಗ ಬಿಟ್ಟು, ಅವತ್ತು ಕೂತಲ್ಲೇ ಕೂತರು.

ಹಳ್ಳದ ಸೇತುವೆ ಬಂತು. "ಇಲ್ಲೇ ಏನು?" ಎಂದರು ಪದ್ಮವ್ವ. ಶಂಕ್ರೆಪ್ಪ ಗಾಡಿಯನ್ನು ಎಡಕ್ಕೆ ತೆಗೆದರು.

"ಇಳಿ. ಅವತ್ತ ಹೆಂಗ ಮಾಡಿದ್ದಿ, ಹಂಗ ಮಾಡು."

ಶಂಕ್ರೆಪ್ಪ ಇಳಿದು ಬಾನೆಟ್ ಎತ್ತಿದರು. ಈಗ ಅವರಿಗೂ ಗಾಡಿಯ ಒಳಗಿನವರಿಗೂ ನಡುವೆ ಬಿಳಿ ತಗಡು. ಆಯಿಲ್ ಕಡ್ಡಿ ಎಳೆದು ಒರೆಸಿ ತಿರುಗಿ ಇಟ್ಟರು. ಬೆಲ್ಟು ಮುಟ್ಟಿದರು. ನೋಡಬೇಕಾದದ್ದು ಏನೂ ಇರಲಿಲ್ಲ. ಜೋಳದ ಹೊಲದ ಮೇಲೆ ಗಾಳಿ ಸರಿಯುತ್ತಿತ್ತು. ದೂರದಲ್ಲಿ ಯಾರೋ ಚರಗ ಚೆಲ್ಲುತ್ತ ಕೂಗಿದರು, ಇನ್ನೊಂದು ಹೊಲದಿಂದ ಇನ್ನೊಬ್ಬರು ಕೂಗಿದರು. ಆಮೇಲೆ ಅದೂ ನಿಂತಿತು. ಹಳ್ಳದಲ್ಲಿ ನೀರಿರಲಿಲ್ಲ. ಶಂಕ್ರೆಪ್ಪ ಉಸಿರು ಹಿಡಿದು ನಿಂತರು. ಅವರ ಕಿವಿಗೆ ಏನೂ ಬೀಳಲಿಲ್ಲ.

ಬಾಗಿಲು ತೆರೆದ ಸಪ್ಪಳವಾಯಿತು. ಪದ್ಮವ್ವ ಇಳಿದು ಬುತ್ತಿ ಬಿಚ್ಚಿ, ಸೇತುವೆಯ ತಡೆಗೋಡೆಯ ಆಚೆಗೆ ಒಂದು ಹಿಡಿ ಚರಗ ಚೆಲ್ಲಿದರು. ಒಂದು ಹೋಳಿಗೆಯನ್ನು ಗೋಡೆಯ ಮೇಲಿಟ್ಟರು. ಶಂಕ್ರೆಪ್ಪನವರ ಕಡೆ ನೋಡಲಿಲ್ಲ. ಮರಳಿ ಹತ್ತಿ ಅದೇ ಜಾಗದಲ್ಲಿ, ಕಿಟಕಿಯ ಪಕ್ಕ ಬಿಟ್ಟು, ಕೂತರು.

ಶಂಕ್ರೆಪ್ಪ ಬಾನೆಟ್ ಹಾಕಿ ಬಂದು ಕೀಲಿ ತಿರುಗಿಸಿದರು. ಗಾಡಿ ಚಾಲೂ ಆಯಿತು. ದೀಪಗಳೆಲ್ಲ ಒಮ್ಮೆ ಹತ್ತಿ ಒಂದೊಂದಾಗಿ ಆರಿದವು. ಹಳದಿಯದೂ ಆರಿತು. ನಡುವಿನ ಸೀಟಿನಲ್ಲಿ ಪದ್ಮವ್ವ ಕಿಟಕಿಯ ಕಡೆಗೆ ತಿರುಗಿ, ಮನೆಯಲ್ಲಿ ಮಾತಾಡುವಷ್ಟೇ ಮೆಲ್ಲಗೆ ಹೇಳುತ್ತಿದ್ದರು.

"ಗಾಡಿ ಆರಾಮ ಐತಿರಿ. ಲೈಟ್ ಏನೂ ಬಂದಿಲ್ಲ. ನಾನ ನಿಲ್ಲಸು ಅಂದೆ."

ಶಂಕ್ರೆಪ್ಪ ಕನ್ನಡಿ ನೋಡಲಿಲ್ಲ. ಗೇರು ಹಾಕಿದರು.